ಸೈಕ್ಲೋನ್ ವ್ಯಾಕ್ಯೂಮ್ ಕ್ಲೀನರ್ ಎಳೆಯುತ್ತಿಲ್ಲವೇ? ಮೊದಲು ಧೂಳು ಎಲ್ಲಿ ಕೂತಿದೆ ನೋಡಿ

ಚೀಲವಿಲ್ಲದ, ಪಾರದರ್ಶಕ ಡಬ್ಬಿಯ ವ್ಯಾಕ್ಯೂಮ್ ಕ್ಲೀನರ್ ರಿಪೇರಿಗೆ ಬಂದರೆ ನಾನು ಮೊದಲು ಸ್ವಿಚ್ ಹಾಕುವುದಿಲ್ಲ. ಡಬ್ಬಿ ಬಿಚ್ಚಿ, ಧೂಳು ಎಲ್ಲೆಲ್ಲಿ ಕೂತಿದೆ ಎಂದು ನೋಡುತ್ತೇನೆ. ಡಬ್ಬಿಯ ತಳದಲ್ಲಿರಬೇಕಾದ ಧೂಳು ಫಿಲ್ಟರಿನ ಮೇಲೆ ದಪ್ಪಗೆ ಕೂತಿದ್ದರೆ ಒಂದು ಅರ್ಥ, ಜಾಲರಿಗೆ ನಾರು ಸುತ್ತಿಕೊಂಡಿದ್ದರೆ ಇನ್ನೊಂದು, ಮುಚ್ಚಳದ ರಬ್ಬರಿನಾಚೆ ಗೆರೆ ಎಳೆದಿದ್ದರೆ ಮತ್ತೊಂದು. ಮೋಟರು ಸುಟ್ಟು ಬರುವ ಮಷೀನುಗಳು ಕಡಿಮೆ. ಹೆಚ್ಚಿನವು ಗಾಳಿಯ ದಾರಿ ಕಟ್ಟಿದ್ದರಿಂದಲೋ, ಎಲ್ಲೋ ಸೋರಿದ್ದರಿಂದಲೋ, ಇಲ್ಲವೇ ನಮ್ಮ ಉತ್ತರ ಕನ್ನಡದ ಕಡೆಯ ತೇವದಿಂದಲೋ ಸೊರಗಿದವು. ಇವನ್ನು ಮನೆಯಲ್ಲೇ, ಕೈಯಿಂದ ದುಡ್ಡು ಬಿಚ್ಚದೆ ಸರಿ ಮಾಡಿಕೊಳ್ಳಬಹುದು.

ಕೆಳಗಿನ ಯಾವ ಪರೀಕ್ಷೆಗೂ ಮುನ್ನ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಬ್ಯಾಟರಿಯ ಮಷೀನಾದರೆ ಬ್ಯಾಟರಿ ತೆಗೆಯಿರಿ; ತೆಗೆಯಲು ಬಾರದ ಮಾದರಿಯಾದರೆ ಚಾರ್ಜರಿನಿಂದ ಬಿಡಿಸಿ, ಬೆರಳು ಗುಂಡಿಯ ಮೇಲೆ ಹೋಗದಂತೆ ಹಿಡಿದುಕೊಳ್ಳಿ. ಮಷೀನು ನಡೆಸಿ ನೋಡಬೇಕಾದ ಕಡೆ ಅದನ್ನೇ ಬೇರೆಯಾಗಿ ಹೇಳಿದ್ದೇನೆ.

ಡಬ್ಬಿಯೊಳಗೆ ನಡೆಯುವುದೇನು

ಮೋಟರಿನ ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳಿದಾಗ ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಕಸ ಹೊತ್ತುಕೊಂಡು ಮೂತಿಯಿಂದ ನುಗ್ಗುತ್ತದೆ. ಅದು ಡಬ್ಬಿಗೆ ನೇರವಾಗಿ ಬೀಳುವುದಿಲ್ಲ. ಗೋಡೆಯನ್ನು ಸವರಿಕೊಂಡು ಬದಿಯಿಂದ ಒಳಬಂದು ಗರಗರ ಸುತ್ತತೊಡಗುತ್ತದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಕೂತವರೆಲ್ಲ ಹೊರಬದಿಗೆ ವಾಲುವಂತೆ, ಸುತ್ತುವ ಗಾಳಿಯಲ್ಲಿ ತೂಕವಿರುವ ಕಣಗಳು ಗೋಡೆಯತ್ತ ಸರಿಯುತ್ತವೆ, ಗೋಡೆಗೆ ತಾಗಿ ವೇಗ ಕಳೆದುಕೊಂಡು ತಳಕ್ಕೆ ಜಾರುತ್ತವೆ. ಹಗುರಾದ ಗಾಳಿ ನಡುವಿನಿಂದ ಮೇಲೆದ್ದು ಜಾಲರಿ ದಾಟಿ ಮುಂದೆ ಹೋಗುತ್ತದೆ. ಸೈಕ್ಲೋನ್ ಎನ್ನುವುದು ಈ ಸುಳಿಗೇ.

ತಿರುವು ಬಿಗಿಯಾದಷ್ಟೂ ಈ ತಳ್ಳಾಟ ಜಾಸ್ತಿ. ಅದಕ್ಕೇ ಒಳ್ಳೆಯ ಮಷೀನುಗಳಲ್ಲಿ ದೊಡ್ಡ ಡಬ್ಬಿಯ ಮೇಲೆ ಸಣ್ಣ ಸಣ್ಣ ಶಂಕುಗಳ ಒಂದು ವರ್ತುಲ ಇರುತ್ತದೆ. ದೊಡ್ಡ ಸುಳಿ ಬಿಟ್ಟ ನಯವಾದ ಪುಡಿಯನ್ನು ಆ ಸಣ್ಣ ಸುಳಿಗಳು ಹಿಡಿಯುತ್ತವೆ. ಅವನ್ನೂ ದಾಟಿದ ಅತಿ ಸೂಕ್ಷ್ಮ ಕಣಗಳಿಗೆ ಮಾತ್ರ ಮೋಟರಿನ ಮುಂದಿನ ಫಿಲ್ಟರು. ವೇಗದ ಲೆಕ್ಕ ಇನ್ನೂ ಮುಖ್ಯ: ಗಾಳಿಯ ವೇಗ ಅರ್ಧಕ್ಕಿಳಿದರೆ ಕಣಗಳನ್ನು ಹೊರಕ್ಕೆ ತಳ್ಳುವ ಬಲ ಕಾಲು ಭಾಗಕ್ಕಿಳಿಯುತ್ತದೆ. ಹಾಗಾಗಿ ಪೈಪಿನಲ್ಲಿ ಸಣ್ಣದೊಂದು ಕಟ್ಟು ಬಿದ್ದರೂ ಧೂಳು ಬೇರ್ಪಡುವುದು ಕೆಡುತ್ತದೆ, ಬೇರ್ಪಡದ ಧೂಳು ಫಿಲ್ಟರಿಗೆ ಹೋಗುತ್ತದೆ, ಫಿಲ್ಟರು ಕಟ್ಟಿ ಗಾಳಿ ಮತ್ತೂ ನಿಧಾನವಾಗುತ್ತದೆ. ಒಂದು ಸಣ್ಣ ತೊಂದರೆ ತನ್ನನ್ನು ತಾನೇ ಬೆಳೆಸಿಕೊಳ್ಳುವುದು ಹೀಗೆ.

ಈ ತಂತ್ರ ಹಳೆಯದು. ಕಾರ್ಖಾನೆಗಳ ಧೂಳು ಹಿಡಿಯಲು 1880ರ ದಶಕದಲ್ಲೇ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಆಗಿತ್ತು. ಮರದ ಮಿಲ್ಲುಗಳ ಹೊರಗೆ ಎತ್ತರದಲ್ಲಿ ನಿಲ್ಲಿಸಿರುವ ತಗಡಿನ ದೊಡ್ಡ ಶಂಕು ಮಾಡುವುದೂ ಇದೇ ಕೆಲಸ. ಅದನ್ನು ಮನೆ ಬಳಕೆಗೆ ಇಳಿಸಲು ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿದರು. ಅವರದೇ ಕಂಪನಿಯ ಮೊದಲ ಯಂತ್ರ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಚೀಲದ ಯಂತ್ರದಲ್ಲಿ ಧೂಳು ತುಂಬಿದಂತೆ ಚೀಲದ ರಂಧ್ರಗಳೇ ಮುಚ್ಚಿ ಎಳೆತ ಇಳಿಯುತ್ತದೆ. ಇಲ್ಲಿ ಗಾಳಿ ಧೂಳಿನ ಮೂಲಕ ಹಾಯಬೇಕಿಲ್ಲವಾದ್ದರಿಂದ ಎಳೆತ ಉಳಿಯುತ್ತದೆ. ಆದರೆ ಫಿಲ್ಟರನ್ನು ಮರೆತರೆ ಆ ಲಾಭವೂ ಉಳಿಯುವುದಿಲ್ಲ.

"ಕೂಗ್ತದೆ, ಆದ್ರೆ ಎಳೂದಿಲ್ಲ"

ಶಬ್ದ ಎಂದಿಗಿಂತ ತೀಕ್ಷ್ಣವಾಗಿ, ಮೇಲಿನ ಸ್ವರಕ್ಕೆ ಏರಿದ್ದರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ ಎಂದೇ ಅರ್ಥ. ತಳ್ಳಲು ಗಾಳಿ ಸಿಗದಾಗ ಫ್ಯಾನಿನ ಹೊರೆ ಇಳಿದು ಮೋಟರು ಇನ್ನೂ ಜೋರಾಗಿ ತಿರುಗುತ್ತದೆ. ಕೂಗು ಕೇಳಿ ಶಕ್ತಿ ಹೆಚ್ಚಾಗಿದೆ ಎಂದುಕೊಳ್ಳಬೇಡಿ.

ಡಬ್ಬಿ ನೋಡಿ. ಗರಿಷ್ಠ ಗೆರೆ ದಾಟಿದ್ದರೆ ಖಾಲಿ ಮಾಡಿ. ಗೆರೆ ತಲುಪುವ ಮೊದಲೇ ಖಾಲಿ ಮಾಡುವ ರೂಢಿ ಇನ್ನೂ ಒಳ್ಳೆಯದು. ಆಮೇಲೆ ಜಾಲರಿ. ಘಟ್ಟದ ಮೇಲಿನ ಮನೆಗಳ ಮಷೀನಿನಲ್ಲಿ ಅಡಿಕೆ ಸಿಪ್ಪೆಯ ಎಳೆ, ಕೆಳಗಿನವರದರಲ್ಲಿ ತೆಂಗಿನ ನಾರು, ಎರಡೂ ಕಡೆ ತಲೆಗೂದಲು. ಜಾಲರಿಯ ತೂತುಗಳಿಗೆ ಹೆಣೆದುಕೊಂಡು ಕಂಬಳಿಯಾಗಿರುತ್ತವೆ. ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಚಾಕು, ಸೂಜಿ ಬೇಡ.

ಮೂರನೆಯದು ಫಿಲ್ಟರು. ಫಿಲ್ಟರ್ ತೆಗೆದು ಐದಾರು ಸೆಕೆಂಡು ಮಾತ್ರ, ಕಸವಿಲ್ಲದ ನೆಲದ ಮೇಲೆ ಮೂತಿ ಎತ್ತಿ ಹಿಡಿದು ನಡೆಸಿ ನೋಡಿ. ಎಳೆತ ಥಟ್ಟನೆ ಮರಳಿದರೆ ಅಪರಾಧಿ ಫಿಲ್ಟರೇ. ಫಿಲ್ಟರಿಲ್ಲದೆ ಓಡಲು ಬಿಡದ ಮಾದರಿಗಳೂ ಇವೆ, ಅದು ದೋಷವಲ್ಲ. ಫಿಲ್ಟರಿಲ್ಲದೆ ಗುಡಿಸುವುದು ಮಾತ್ರ ಖಂಡಿತ ಬೇಡ. ಒಂದು ಕೋಣೆಯ ಧೂಳು ಸಾಕು ಮೋಟರಿನ ಬೇರಿಂಗಿಗೆ.

ಇಷ್ಟಾದರೂ ಕೂಗು ನಿಲ್ಲದಿದ್ದರೆ ಕಟ್ಟು ಪೈಪಿನಲ್ಲಿದೆ. ಮಷೀನು ನಡೆಸಿ, ಒಂದೊಂದೇ ಭಾಗ ಕಳಚುತ್ತ ಅಂಗೈ ಒಡ್ಡಿ ನೋಡಿ: ಮೂತಿ ತೆಗೆದು ಕೋಲಿನ ತುದಿಗೆ, ಕೋಲು ತೆಗೆದು ಹೋಸಿನ ತುದಿಗೆ, ಹೋಸು ತೆಗೆದು ಮಷೀನಿನ ಬಾಯಿಗೆ. ಯಾವ ಭಾಗ ತೆಗೆದಾಗ ಎಳೆತ ಬಂತೋ ಕಟ್ಟು ಆ ಭಾಗದಲ್ಲೇ. ಹೋಸಿನ ವಿಷಯದಲ್ಲಿ ನಮ್ಮಲ್ಲಿ ಸುಲಭದ ಪರೀಕ್ಷೆಯಿದೆ. ಎರಡೂ ಕಡೆ ಕಳಚಿದ ಹೋಸನ್ನು ನೇತಾಡಿಸಿ ಮೇಲಿನಿಂದ ಸುಲಿದ ಒಂದು ಅಡಿಕೆ ಹಾಕಿ. ಕೆಳಗೆ ಉದುರಿದರೆ ದಾರಿ ಸರಿಯಿದೆ. ನಡುವೆ ನಿಂತರೆ ಹೊರಗಿನಿಂದ ಒತ್ತಿ ನೋಡುತ್ತ ಬನ್ನಿ, ಗಟ್ಟಿ ಹತ್ತುವ ಜಾಗದಲ್ಲಿ ಕಸ ಸಿಕ್ಕಿಕೊಂಡಿದೆ. ತಂತಿ ತುರುಕಬೇಡಿ, ಹೋಸಿನ ತೆಳು ಪದರ ಹರಿದರೆ ಕಟ್ಟಿನ ಬದಲು ಸೋರಿಕೆ ಸಿಗುತ್ತದೆ. ಕೆಲವು ಹೋಸುಗಳೊಳಗೆ ಬ್ರಶ್ಶಿಗೆ ಹೋಗುವ ವೈರೂ ಇರುತ್ತದೆ.

ಎಳೆತವಿಲ್ಲ, ಶಬ್ದ ಎಂದಿನಂತೆಯೇ ಇದೆ

ಇದು ಸೋರಿಕೆಯ ಲಕ್ಷಣ. ಮೋಟರಿಗೆ ಬೇಕಾದಷ್ಟು ಗಾಳಿ ಸಿಗುತ್ತಿದೆ, ಆದರೆ ಮೂತಿಯಿಂದ ಅಲ್ಲ. ಮಷೀನು ನಡೆಸಿ ಹೋಸಿನ ತುದಿಯನ್ನು ಅಂಗೈಯಿಂದ ಮುಚ್ಚಿ. ಸ್ವರ ಏರಿ ಅಂಗೈ ಬಿಗಿಯಾಗಿ ಹಿಡಿದುಕೊಂಡರೆ ಸೋರಿಕೆ ಇಲ್ಲ. ಸ್ವರ ಬದಲಾಗದಿದ್ದರೆ ಡಬ್ಬಿಯ ಮುಚ್ಚಳ, ಫಿಲ್ಟರಿನ ಮನೆ, ಹೋಸಿನ ಕುತ್ತಿಗೆ, ಈ ಮೂರು ಕಡೆ ಕಿವಿಯಿಟ್ಟು ಕೇಳಿ. ಒಂದು ಹತ್ತಿಯ ನೂಲನ್ನು ಸಂದುಗಳ ಹತ್ತಿರ ಹಿಡಿದರೆ ಸೋರುವಲ್ಲಿ ಅದು ಒಳಕ್ಕೆ ವಾಲುತ್ತದೆ. ಊದುಬತ್ತಿಯ ಹೊಗೆ ಹಿಡಿದು ನೋಡುವವರಿದ್ದಾರೆ; ಬೇಡ, ಒಂದು ಕಿಡಿ ಒಳಗೆ ಹೋದರೆ ಡಬ್ಬಿಯ ನಾರಿಗೆ ಬೆಂಕಿ ಹತ್ತುತ್ತದೆ.

ಹೋಸಿನ ಕುತ್ತಿಗೆಯಲ್ಲಿ ಬಿರುಕು ಬಿಡುವುದು ಕಡಲಂಚಿನ ಮನೆಗಳಲ್ಲಿ ಹೆಚ್ಚು. ಮರಳು ಭಾರವಾದ್ದರಿಂದ ಸೈಕ್ಲೋನಿಗೆ ಅದನ್ನು ಬೇರ್ಪಡಿಸುವುದು ಸುಲಭ, ಆದರೆ ತಿರುವಿನಲ್ಲಿ ಪ್ಲಾಸ್ಟಿಕ್ಕನ್ನು ಉಜ್ಜಿ ಸವೆಸುತ್ತದೆ. ಟೇಪು ಸುತ್ತಿದರೆ ಕೆಲವು ದಿನ ನಡೆಯುತ್ತದೆ, ಬದಲಿಸುವುದೇ ಸರಿ.

ಶಬ್ದವೂ ಕುಗ್ಗಿ, ಮೋಟರು ನರಳಿದಂತಿದ್ದರೆ ಸೋರಿಕೆ ಹುಡುಕುವ ಮೊದಲು ಮನೆಯ ಸೀಲಿಂಗ್ ಫ್ಯಾನ್ ನೋಡಿ. ಅದೂ ನಿಧಾನವಾಗಿದ್ದರೆ ವೋಲ್ಟೇಜ್ ಕಡಿಮೆ. ಮಳೆಗಾಲದಲ್ಲಿ ಒಳಹಳ್ಳಿಯ ಲೈನುಗಳಲ್ಲಿ ಇದು ಸಾಮಾನ್ಯ; ಆಗ ಮಷೀನು ಬಿಚ್ಚಿ ಪ್ರಯೋಜನವಿಲ್ಲ. ಇನ್ವರ್ಟರಿನ ಮೇಲೂ ನಡೆಸಬೇಡಿ. 1,600 ವಾಟಿನ ಮಷೀನು 230 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಟಿ.ವಿ.ಗೆ ಹಾಕಿದ 6 ಆಂಪಿಯರಿನ ಎಕ್ಸ್‌ಟೆನ್ಶನ್ ಬಾಕ್ಸಿಗೆ ಇದು ಹೆಚ್ಚಾಯಿತು. ಪ್ಲಗ್ ಬಿಸಿಯಾದರೆ ಅಲ್ಲಿಗೇ ನಿಲ್ಲಿಸಿ.

ಫಿಲ್ಟರ್ ತೊಳೆದು ವಾರವಾಗುವುದರೊಳಗೆ ಮತ್ತೆ ಕಟ್ಟುತ್ತದೆ

ಹೊಸ ಫಿಲ್ಟರ್ ತರಿಸಿ ದುಡ್ಡು ಕಳೆದುಕೊಳ್ಳುವುದು ಈ ಲಕ್ಷಣಕ್ಕೇ. ಫಿಲ್ಟರಿಗೆ ಇಷ್ಟು ಧೂಳು ಬರುತ್ತಿದೆ ಎಂದರೆ ಅದಕ್ಕೂ ಮೊದಲು ಸೈಕ್ಲೋನ್ ತನ್ನ ಕೆಲಸ ಮಾಡುತ್ತಿಲ್ಲ. ಫಿಲ್ಟರಿನ ಮೇಲೆ ನಯವಾದ ಬೂದುಬಣ್ಣದ ಲೇಪ ಬರುವುದು ಸಹಜ. ಅಲ್ಲಿ ಕೂದಲು, ಮರಳಿನ ಕಾಳು, ನಾರಿನ ಚೂರು ಕಂಡರೆ ಅದು ಸಹಜವಲ್ಲ.

ಮೊದಲು ನಿಮ್ಮ ಮಷೀನು ಯಾವ ಬಗೆಯದು ನೋಡಿ. ಸಣ್ಣ ಶಂಕುಗಳಿಲ್ಲದೆ ಒಂದೇ ಡಬ್ಬಿ, ನಡುವೆ ಒಂದು ಜಾಲರಿ, ಅದರೊಳಗೆ ಫಿಲ್ಟರು ಇರುವ ಅಗ್ಗದ ಮಾದರಿಯಾದರೆ ನಯಪುಡಿಯೆಲ್ಲ ಫಿಲ್ಟರಿಗೆ ಬರುವಂತೆಯೇ ಅದನ್ನು ಮಾಡಿರುತ್ತಾರೆ. ಅದಕ್ಕೆ ಎರಡು ಮೂರು ಸಲ ಗುಡಿಸಿದ ಮೇಲೊಮ್ಮೆ ಫಿಲ್ಟರ್ ಕೊಡವುವುದೇ ಮದ್ದು.

ಶಂಕುಗಳಿದ್ದೂ ಹೀಗಾಗುತ್ತಿದ್ದರೆ ಡಬ್ಬಿಯ ತಳದ ಮುಚ್ಚಳ ನೋಡಿ. ನನಗೆ ಗೊತ್ತಿರುವ ಮಟ್ಟಿಗೆ ಅತಿ ಹೆಚ್ಚು ಜನ ಕಡೆಗಣಿಸುವ ಜಾಗ ಇದು. ಡಬ್ಬಿಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಹಾಗಾಗಿ ಮುಚ್ಚಳದಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಧೂಳು ಹೊರಗೆ ಬೀಳುವುದಿಲ್ಲ, ಹೊರಗಿನ ಗಾಳಿ ಒಳಗೆ ಚಿಮ್ಮುತ್ತದೆ. ಚಿಮ್ಮುವುದು ಧೂಳು ಶಾಂತವಾಗಿ ಕೂರಬೇಕಾದ ತಳದಲ್ಲೇ. ಕೂತದ್ದನ್ನೆಲ್ಲ ಎಬ್ಬಿಸಿ ನಡುವಿನ ಏರುಸುಳಿಗೆ ಸೇರಿಸಿ ನೇರ ಫಿಲ್ಟರಿಗೆ ಕಳಿಸುತ್ತದೆ. ಮೂತಿಯಲ್ಲಿ ಎಳೆತ ಹೆಚ್ಚೇನೂ ಕಡಿಮೆಯಾಗಿರುವುದಿಲ್ಲವಾದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಶಿರಸಿ ಕಡೆಯಿಂದ ಬಂದ ಒಂದು ಮಷೀನಿನಲ್ಲಿ ಕಂಡದ್ದು ಹೇಳುತ್ತೇನೆ. ತಳದ ಮುಚ್ಚಳದ ಕಪ್ಪು ರಬ್ಬರಿನ ಮೇಲೆ ಅಡಿಕೆ ಸಿಪ್ಪೆಯ ಒಂದೇ ಒಂದು ಎಳೆ ಅಡ್ಡ ಬಿದ್ದಿತ್ತು. ಅದರ ಎರಡೂ ಬದಿಗೆ ರಬ್ಬರು ಶುಭ್ರವಾಗಿ ಮಿನುಗುತ್ತಿತ್ತು. ಎಳೆಯ ಪಕ್ಕದಿಂದ ಮಾತ್ರ ಒಳಮುಖವಾಗಿ ಬೀಸಣಿಗೆಯಂತೆ ಬಿಚ್ಚಿಕೊಂಡ ಧೂಳಿನ ಗೆರೆ. ಗಾಳಿ ನುಗ್ಗಿದ ಹೆಜ್ಜೆಗುರುತು ಅದು. ಎಳೆ ತೆಗೆದು, ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಮುಚ್ಚಿದ್ದಷ್ಟೇ ರಿಪೇರಿ.

ನೀವೂ ರಬ್ಬರಿನ ಸುತ್ತ ಬೆರಳಾಡಿಸಿ ನೋಡಿ. ಕಾಳು, ಎಳೆ, ಬಿರುಕು, ಚಡಿಯಿಂದ ಎದ್ದು ಬಂದ ಜಾಗ ಸಿಗುತ್ತದೆಯೇ? ಕತ್ತಲೆ ಕೋಣೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ಹೊರಗಿನಿಂದ ನೋಡಿದರೆ ದೊಡ್ಡ ಸಂದು ಬೆಳಕಿನ ಗೆರೆಯಾಗಿ ಕಾಣುತ್ತದೆ. ರಬ್ಬರಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ರಬ್ಬರು ಉಬ್ಬುತ್ತದೆ, ಧೂಳೂ ಅಂಟುತ್ತದೆ.

ಮುಚ್ಚಳ ಸರಿಯಿದ್ದರೆ ಶಂಕುಗಳ ಸರದಿ. ಮೇಲಿನಿಂದ ಬೆಳಕು ಬಿಟ್ಟು ಒಂದೊಂದೇ ಶಂಕಿನ ತುದಿ ನೋಡಿ. ಒಂದೆರಡರ ಬಾಯಲ್ಲಿ ಧೂಳು ಹೆಪ್ಪುಗಟ್ಟಿದ್ದರೆ ಆ ಶಂಕು ಹಿಡಿದ ಪುಡಿಗೆ ಕೆಳಗಿಳಿಯಲು ಜಾಗವಿಲ್ಲ, ತಿರುಗಿ ಫಿಲ್ಟರಿಗೇ ಹೋಗುತ್ತದೆ. ನಮ್ಮ ಕಡೆ ಹೆಪ್ಪುಗಟ್ಟಲು ಕಾರಣ ತೇವ ಮತ್ತು ಉಪ್ಪು. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ತಾನಾಗಿಯೇ ನೀರೆಳೆದುಕೊಂಡು ಕರಗತೊಡಗುತ್ತದೆ. ಕಾರವಾರದ ಕಡಲಂಚಿನಲ್ಲಿ ಮಳೆಗಾಲವಿಡೀ ಗಾಳಿ ಆ ಮಟ್ಟದ ಮೇಲೇ ಇರುತ್ತದೆ. ಕಾಲಿಗಂಟಿ ಮನೆಯೊಳಗೆ ಬಂದ ಉಪ್ಪುಮರಳು, ಕೆಮ್ಮಣ್ಣಿನ ಪುಡಿ ಎರಡೂ ಸೇರಿದರೆ ಒಣಗಿದ ಮೇಲೆ ಗಾರೆ ಹಾಕಿದಂತಾಗುತ್ತದೆ. ಡಬ್ಬಿಯನ್ನು ಕಾಗದದ ಮೇಲೆ ಹಿಡಿದು ಅಂಗೈಯಿಂದ ತಟ್ಟಿ. ಉದುರದಿದ್ದರೆ ಮೃದುವಾದ ಸಣ್ಣ ಬ್ರಶ್ ಆಡಿಸಿ. ಕೈಪಿಡಿಯಲ್ಲಿ ತೊಳೆಯಬಹುದೆಂದು ಬರೆದಿರದಿದ್ದರೆ ಶಂಕುಗಳ ಭಾಗಕ್ಕೆ ನೀರು ಮುಟ್ಟಿಸಬೇಡಿ. ಒಳಗೆ ನಿಂತ ನೀರು ಹೊರಗೆ ಕಾಣುವುದಿಲ್ಲ, ಬ್ಯಾಟರಿ ಮಷೀನಿನಲ್ಲಿ ಅಲ್ಲಿ ವಿದ್ಯುತ್ ಸಂಪರ್ಕಗಳೂ ಇರಬಹುದು.

ಇನ್ನು ಎಳೆಯಲೇಬಾರದ ಪುಡಿಗಳಿವೆ. ಸಿಮೆಂಟು, ಗೋಡೆಯ ಪುಟ್ಟಿ ಉಜ್ಜಿದ ಹಿಟ್ಟು, ಚೆಲ್ಲಿದ ಅಕ್ಕಿಹಿಟ್ಟು, ಶೇಡಿ (ಬಿಳಿ ಜೇಡಿಮಣ್ಣು) ಪುಡಿ. ಇವು ಸೈಕ್ಲೋನ್ ಹಿಡಿಯಲಾರದಷ್ಟು ನಯ. ಬಚ್ಚಲ ಒಲೆಯ ಬೂದಿಯಂತೂ ಎಂದಿಗೂ ಬೇಡ. ಮೇಲೆ ತಣ್ಣಗಿದ್ದರೂ ಅಡಿಯಲ್ಲಿ ಕೆಂಡ ಮರುದಿನದವರೆಗೂ ಬದುಕಿರುತ್ತದೆ, ಮಷೀನಿನ ಗಾಳಿ ಅದನ್ನು ಊದಿ ಎಬ್ಬಿಸುತ್ತದೆ.

ತೊಳೆದ ಮೇಲೆ ಮುಗ್ಗಲು ವಾಸನೆ, ಎಳೆತವೂ ಇಲ್ಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ದೂರು. ಕೈಪಿಡಿಗಳಲ್ಲಿ ಫಿಲ್ಟರನ್ನು 24 ಗಂಟೆ ಒಣಗಿಸಿ ಎಂದಿರುತ್ತದೆ. ಆ ಮಾತು ಒಣ ಹವೆಗೆ ಸರಿ, ಆಷಾಢದ ಕುಮಟೆಗಲ್ಲ. ಇಲ್ಲಿ ಎರಡು ಮೂರು ದಿನ ಬೇಕು. ಅರೆಬರೆ ಒಣಗಿದ ಫಿಲ್ಟರಿನ ರಂಧ್ರಗಳಲ್ಲಿ ನೀರು ನಿಂತು ಗಾಳಿ ತಡೆಯುತ್ತದೆ, ಧೂಳು ಕೆಸರಾಗಿ ಅಂಟುತ್ತದೆ, ಬೂಷ್ಟು ಹಿಡಿಯುತ್ತದೆ, ತೇವ ಮೋಟರಿಗೂ ತಲುಪುತ್ತದೆ.

ತೊಳೆಯಬಹುದಾದ ಫಿಲ್ಟರಾದರೆ ತಣ್ಣೀರು ಮಾತ್ರ, ಸೋಪು ಬೇಡ. ಬಸಿಯುವ ನೀರು ತಿಳಿಯಾಗುವ ತನಕ ಹಿಚುಕಿ, ತಿರುಚಬೇಡಿ. ಕೊಡವಿ, ಫ್ಯಾನಿನ ಕೆಳಗೆ ನಿಲ್ಲಿಸಿಡಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆಯ ಜಿಡ್ಡು ಹಿಡಿಯುತ್ತದೆ. ಹೇರ್ ಡ್ರೈಯರಿನ ಬಿಸಿಗೆ ಅಂಟು ಬಿಡುತ್ತದೆ. ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಹೊಡೆಸುವುದೂ ಬೇಡ. ಫಿಲ್ಟರ್ ಸ್ವಚ್ಛ ಕಾಣುತ್ತದೆ, ಒಳಗೆ ಹರಿದಿರುತ್ತದೆ. ಅತಿ ಸೂಕ್ಷ್ಮ ಧೂಳು ಹಿಡಿಯುವ, ಮಡಿಕೆ ಮಡಿಕೆಯಾದ ಹೆಪಾ ಫಿಲ್ಟರುಗಳಲ್ಲಿ ಹಲವನ್ನು ತೊಳೆಯುವಂತೆಯೇ ಇಲ್ಲ, ಫಿಲ್ಟರಿನ ಮೇಲೆ ಬರೆದದ್ದು ಓದಿ.

ಒಣಗಿದೆಯೋ ಇಲ್ಲವೋ ಕೈಗೆ ತಿಳಿಯುವುದಿಲ್ಲ. ಫಿಲ್ಟರು ಹೊಸದಿದ್ದಾಗಲೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎಷ್ಟು ಗ್ರಾಂ ಎಂದು ಅದರ ಅಂಚಿನಲ್ಲೇ ಬರೆದಿಡಿ. ತೊಳೆದ ಮೇಲೆ ದಿನಕ್ಕೊಮ್ಮೆ ತೂಗಿ. ಇಳಿಯುವುದು ನಿಂತಾಗ ಒಣಗಿದೆ. ಆಗಲೂ ತೂಕ ಬರೆದದ್ದಕ್ಕಿಂತ ಬಹಳ ಹೆಚ್ಚಿದ್ದರೆ ಒಳಗೆ ಧೂಳು ಉಳಿದಿದೆ. ನನ್ನ ಕೇಳಿದರೆ ಕರಾವಳಿಯವರು ಎರಡು ಫಿಲ್ಟರ್ ಇಟ್ಟುಕೊಂಡು ಒಂದಾದ ಮೇಲೊಂದು ಬಳಸಬೇಕು. ಮೋಟರಿನ ಬೆಲೆಯ ಮುಂದೆ ಎರಡನೇ ಫಿಲ್ಟರಿನ ಬೆಲೆ ಏನೂ ಅಲ್ಲ.

ಹಿಂದಿನಿಂದ ಧೂಳು ಬರುತ್ತದೆ, ನಡೆಸಿದೊಡನೆ ಸೀನು

ಫಿಲ್ಟರ್ ತನ್ನ ಮನೆಯಲ್ಲಿ ಸರಿಯಾಗಿ ಕೂತಿಲ್ಲ, ಹರಿದಿದೆ, ಅಥವಾ ಯಾರೋ ಹಾಕಲು ಮರೆತಿದ್ದಾರೆ. ಬೆಳಕಿಗೆ ಹಿಡಿದು ತೂತು ನೋಡಿ, ಅಂಚಿನ ರಬ್ಬರು ಮಡಚಿಕೊಂಡಿದೆಯೇ ನೋಡಿ. ಹೆಪಾ ದರ್ಜೆಯ ಫಿಲ್ಟರು 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು, ಆದರೆ ಅಂಚಿನಲ್ಲಿ ಸಂದಿದ್ದರೆ ಗಾಳಿ ಫಿಲ್ಟರನ್ನು ಬಿಟ್ಟು ಸಂದಿಯಿಂದಲೇ ಹೋಗುತ್ತದೆ. ಮನೆಯಲ್ಲಿ ದಮ್ಮಿನವರಿದ್ದರೆ ಇದನ್ನು ಸರಿ ಮಾಡದೆ ಮಷೀನು ಮುಟ್ಟಬೇಡಿ. ಡಬ್ಬಿ ಖಾಲಿ ಮಾಡುವುದೂ ಅಂಗಳದಲ್ಲಿ, ಗಾಳಿಗೆ ಬೆನ್ನು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು.

ಹತ್ತು ನಿಮಿಷಕ್ಕೆ ತಾನೇ ನಿಲ್ಲುತ್ತದೆ, ಅಥವಾ ಬಿಟ್ಟು ಬಿಟ್ಟು ನಡೆಯುತ್ತದೆ

ಎಷ್ಟೋ ಮಷೀನುಗಳಲ್ಲಿ ಮೋಟರನ್ನು ತಣ್ಣಗಿಡುವುದು ಒಳಗೆ ಹಾಯುವ ಅದೇ ಗಾಳಿ. ದಾರಿ ಕಟ್ಟಿದರೆ ಮೋಟರು ಕಾದು, ಒಳಗಿನ ರಕ್ಷಣಾ ಸ್ವಿಚ್ ಕರೆಂಟು ಕತ್ತರಿಸುತ್ತದೆ. ಪ್ಲಗ್ ಕಿತ್ತು ಒಂದು ಗಂಟೆ ತಣಿಯಲು ಬಿಟ್ಟು, ಆ ಹೊತ್ತಿನಲ್ಲಿ ಡಬ್ಬಿ, ಜಾಲರಿ, ಫಿಲ್ಟರು, ಹೋಸು ನೋಡಿ. ದಾರಿ ಪೂರ್ತಿ ತೆರವಾದ ಮೇಲೂ ಪದೇ ಪದೇ ನಿಂತರೆ ಅಂಗಡಿಗೆ ಒಯ್ಯಬೇಕು. ಆ ಸ್ವಿಚ್ಚನ್ನು ನೇರ ಜೋಡಿಸಿ ಕೊಡಿ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿಕೊಡುವವರ ಹತ್ತಿರ ಹೋಗಬೇಡಿ, ಮನೆಗೆ ಬೆಂಕಿ ತಂದುಕೊಳ್ಳುವ ಕೆಲಸ ಅದು.

ಬ್ಯಾಟರಿ ಮಷೀನು ಸೆಕೆಂಡಿಗೊಮ್ಮೆ ಎಳೆದು ಬಿಟ್ಟು ಮಾಡಿದರೆ ಅದೂ ಸಾಮಾನ್ಯವಾಗಿ ಕಟ್ಟಿನ ಸೂಚನೆಯೇ, ಬ್ಯಾಟರಿ ಹೋಯಿತೆಂದು ಹೊಸದು ಕೊಳ್ಳುವ ಅವಸರ ಬೇಡ. ಕಟ್ಟಿಲ್ಲದೆ ಚಾರ್ಜೇ ನಿಲ್ಲದಿದ್ದರೆ ಚಾರ್ಜಿಂಗ್ ತಾಮ್ರದ ಪಟ್ಟಿಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಕಡಲ ಗಾಳಿಯ ಕೆಲಸ. ಒಣ ಬಟ್ಟೆಯಲ್ಲಿ ಒರೆಸಿ, ಮರಳು ಕಾಗದ ಬೇಡ. ಬ್ಯಾಟರಿ ಉಬ್ಬಿದ್ದರೆ, ಮುಟ್ಟಲಾರದಷ್ಟು ಕಾದರೆ, ಮತ್ತೆ ಚಾರ್ಜಿಗೆ ಹಾಕದೆ ಹೊರಗೆ, ಉರಿಯುವ ವಸ್ತುಗಳಿಂದ ದೂರ ಇಟ್ಟು ಸರ್ವಿಸ್‌ನವರಿಗೆ ಹೇಳಿ.

ಬ್ರಶ್ ತಿರುಗುತ್ತಿಲ್ಲ

ಕೂದಲು, ದಾರ. ತಿರುಗಿಸಿಟ್ಟು ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ಎಳೆಯಿರಿ, ಎರಡೂ ತುದಿಯ ಬೇರಿಂಗ್ ಬಳಿ ಸುತ್ತಿದ್ದನ್ನು ಬಿಡಿಸಿ. ಕೈಯಲ್ಲಿ ಸಲೀಸಾಗಿ ತಿರುಗಿಯೂ ಮಷೀನಿನಲ್ಲಿ ತಿರುಗದಿದ್ದರೆ ಬೆಲ್ಟ್ ತುಂಡಾಗಿದೆ ಅಥವಾ ಅದರ ಸಣ್ಣ ಮೋಟರು ಹೋಗಿದೆ.

ಮುಟ್ಟಿದರೆ ಜುಮ್ ಎನ್ನುತ್ತದೆ

ಚಟ್ಟನೆ ಒಮ್ಮೆ ಚಿಟಿಗೆ ಹಾಕಿದಂತೆ ಹೊಡೆದು ಸುಮ್ಮನಾದರೆ ಅದು ಧೂಳು ಪ್ಲಾಸ್ಟಿಕ್ಕಿಗೆ ಉಜ್ಜಿ ಹುಟ್ಟಿದ ಸ್ಥಿರ ವಿದ್ಯುತ್ತು. ಘಟ್ಟದ ಮೇಲಿನ ಚಳಿಗಾಲದ ಒಣ ಬೆಳಗುಗಳಲ್ಲಿ ಕಾಣುವುದು ಹೆಚ್ಚು, ಅಪಾಯವಿಲ್ಲ. ಲೋಹದ ಕೋಲು ಹಿಡಿದಷ್ಟು ಹೊತ್ತೂ ಜುಮುಗುಟ್ಟುತ್ತಿದ್ದರೆ ಅದು ಕರೆಂಟು ಸೋರಿಕೆ. ಮೇನ್ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕಿತ್ತು, ಪರೀಕ್ಷೆ ಮಾಡಿಸುವ ತನಕ ಹಾಕಲೇಬೇಡಿ. ಮಳೆಗಾಲದಲ್ಲಿ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದಾಗ ಇದು ಜೀವಕ್ಕೇ ಬರುತ್ತದೆ.

ಅಂಗಡಿಗೆ ಒಯ್ಯಬೇಕಾದದ್ದು

ಸುಟ್ಟ ವಾಸನೆ, ಗಾಳಿ ಬರುವ ಹಿಂಬದಿಯಲ್ಲಿ ಉಂಗುರದಂತೆ ಸುತ್ತುವ ನೀಲಿ ಕಿಡಿ, ಲೋಹ ಉಜ್ಜುವ ಕರ್ಕಶ ಸದ್ದು, ನೀರು ಎಳೆದುಕೊಂಡ ಮಷೀನು, ಬಿಸಿಯಾಗುವ ವೈರು. ಇವುಗಳಲ್ಲಿ ಯಾವುದಿದ್ದರೂ "ಇನ್ನೊಮ್ಮೆ ಹಾಕಿ ನೋಡುವಾ" ಎನ್ನಬೇಡಿ. ಕಾರ್ಬನ್ ಬ್ರಶ್ (ಮೋಟರಿನೊಳಗೆ ಕರೆಂಟು ದಾಟಿಸುವ ಸಣ್ಣ ಇಂಗಾಲದ ತುಂಡು) ಸವೆದಿದ್ದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಹಾಗೇ ಓಡಿಸಿದರೆ ಮೋಟರಿನ ತಾಮ್ರದ ಪಟ್ಟಿಗಳೇ ಹೋಗುತ್ತವೆ. ಮೋಟರಿನ ಕವಚ ಮನೆಯಲ್ಲಿ ಬಿಚ್ಚಬೇಡಿ, ವಾರಂಟಿ ಇದ್ದರಂತೂ ಒಂದು ಸ್ಕ್ರೂ ಕೂಡ ಮುಟ್ಟಬೇಡಿ.

ಒಯ್ಯುವಾಗ ಡಬ್ಬಿ, ಫಿಲ್ಟರು, ಹೋಸು ಎಲ್ಲ ಒಟ್ಟಿಗೆ ತನ್ನಿ, ತೊಳೆಯದೆ, ಧೂಳು ಇದ್ದ ಹಾಗೇ ತನ್ನಿ. ಮರ್ಯಾದೆಗೆಂದು ಚೆನ್ನಾಗಿ ಉಜ್ಜಿ ಒರೆಸಿ ತಂದ ಮಷೀನಿನಲ್ಲಿ ದೋಷದ ಗುರುತೇ ಅಳಿಸಿರುತ್ತದೆ. ಶಬ್ದ ಏರಿತ್ತೇ ಇಳಿದಿತ್ತೇ, ಕಡೆಯ ಸಲ ಏನು ಎಳೆದಿರಿ, ಫಿಲ್ಟರ್ ತೊಳೆದು ಎಷ್ಟು ದಿನವಾಯಿತು, ಈ ಮೂರು ಹೇಳಿದರೆ ಅರ್ಧ ಕೆಲಸ ನೀವೇ ಮುಗಿಸಿಕೊಟ್ಟ ಹಾಗೆ.